ಕೈಕೆಲಸದ ಅದಲು-ಬದಲು: ಬೆಂಗಳೂರಿನಲ್ಲಿ ಒಂದು ಸುತ್ತು ನಡೆಸುವುದು ಹೇಗೆ

ಕ್ರೋಶಾ ಕಡ್ಡಿ ಹಿಡಿದ ಮೊದಲ ವರ್ಷ ಮನೆಮಂದಿಗೆಲ್ಲ ಒಂದೊಂದು ಕೋಸ್ಟರ್ ಸಿಗುತ್ತದೆ. ಎರಡನೆಯ ವರ್ಷ ಅದು ನೆಂಟರಿಷ್ಟರ ಮನೆಗೆ ದಾಟುತ್ತದೆ. ಮೂರನೆಯ ವರ್ಷಕ್ಕೆ ನಾದಿನಿ "ಹಳೆಯದೇ ಇನ್ನೂ ಚೆನ್ನಾಗಿದೆ, ಬೇಡ ಬಿಡಿ" ಎನ್ನುತ್ತಾರೆ. ಬೀರುವಿನಲ್ಲಿ ಕೋಸ್ಟರುಗಳು ಮಾತ್ರ ಬೆಳೆಯುತ್ತಲೇ ಇರುತ್ತವೆ. ಟೆರಾಕೋಟಾ ಜುಮುಕಿ ಮಾಡುವವರದೂ, ವೈರಿನ ಬುಟ್ಟಿ ಹೆಣೆಯುವವರದೂ, ಕಾಗದದ ಪಟ್ಟಿ ಸುತ್ತಿ ಕ್ವಿಲ್ಲಿಂಗ್ ಮಾಡುವವರದೂ ಇದೇ ಪಾಡು. ಮಾರಬಹುದಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾರಲು ಹೊರಟರೆ ಹವ್ಯಾಸ ಹೋಗಿ ಅಂಗಡಿ ಬರುತ್ತದೆ: ಫೋಟೊ ತೆಗೆ, ದರ ಹಾಕು, ಚೌಕಾಸಿಗೆ ಉತ್ತರ ಕೊಡು. ಎಲ್ಲರಿಗೂ ಅದು ಒಗ್ಗುವುದಿಲ್ಲ.

ಮಾರದೆ, ಬಿಟ್ಟಿಯಾಗಿಯೂ ಹಂಚದೆ, ನಮ್ಮಂತೆಯೇ ಕೈಯಾಡಿಸುವ ಇನ್ನೊಬ್ಬರಿಗೆ ಕೊಟ್ಟು ಅವರು ಮಾಡಿದ್ದನ್ನು ಪಡೆಯುವುದು ಮೂರನೆಯ ದಾರಿ. ನಮ್ಮ ಮನೆಗಳಿಗೆ ಇದು ಹೊಸದೇನಲ್ಲ. ಸಂಕ್ರಾಂತಿಗೆ ಎಳ್ಳು ಬೀರಲು ಹೋದ ತಟ್ಟೆ ಬರಿದಾಗಿ ಹಿಂತಿರುಗುವುದಿಲ್ಲ. ಆದರೆ ಎಳ್ಳು-ಬೆಲ್ಲದಲ್ಲಿ ಎಷ್ಟು ಕೊಡಬೇಕು, ಏನು ಬರುತ್ತದೆ ಎಂಬುದು ಎರಡೂ ಮನೆಗೆ ಗೊತ್ತಿರುತ್ತದೆ. ಕೈಕೆಲಸದಲ್ಲಿ ಅದು ಯಾರಿಗೂ ಗೊತ್ತಿರುವುದಿಲ್ಲ. ಅದಲು-ಬದಲು ಕೆಡುವುದು ಕೆಲಸ ಒರಟಾಗಿದ್ದುದಕ್ಕಲ್ಲ, ಅಳತೆ ಮೊದಲೇ ಮಾತಾಗಿರಲಿಲ್ಲ ಎನ್ನುವುದಕ್ಕೆ. ಆದ್ದರಿಂದ ಈ ಲೇಖನದ ಹೆಚ್ಚಿನ ಪಾಲು ಸೂಜಿ ಹಿಡಿಯುವ ಮುಂಚಿನ ಕೆಲಸದ್ದು.

ಮೊದಲು ಮಂದಿ

ಆರರಿಂದ ಹತ್ತು ಜನ ಸಾಕು. ಹತ್ತು ದಾಟಿದರೆ ನಡೆಸುವವರಿಗೆ ಅದು ಕಚೇರಿ ಕೆಲಸವಾಗುತ್ತದೆ, ನಾಲ್ಕಕ್ಕಿಂತ ಕಡಿಮೆಯಾದರೆ ಯಾರು ಯಾರಿಗೆ ಮಾಡುತ್ತಿದ್ದಾರೆ ಎಂಬ ಗುಟ್ಟು ಉಳಿಯುವುದಿಲ್ಲ. ಮೊದಲ ಸುತ್ತಿಗೆ ಪರಿಚಯದವರು ಮತ್ತು ಪರಿಚಯದವರ ಪರಿಚಯದವರು ಇರಲಿ. ಪ್ರತಿಯೊಬ್ಬರನ್ನೂ ಗುಂಪಿನ ಕನಿಷ್ಠ ಒಬ್ಬರಾದರೂ ಬಲ್ಲವರಾಗಿರಬೇಕು. ನಡುವೆ ಯಾರಾದರೂ ಮೌನವಾದರೆ ಫೋನ್ ಮಾಡಲು ಒಬ್ಬರು ಬೇಕಲ್ಲ.

ಇಂಥವರು ಎಲ್ಲಿ ಸಿಗುತ್ತಾರೆ? ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ಇರುತ್ತಾರೆ, ಹೇಳಿಕೊಂಡಿರುವುದಿಲ್ಲ ಅಷ್ಟೆ. ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿನಲ್ಲಿ ಮಣಿ ಆರಿಸುತ್ತ ನಿಂತವರು, ಚಿಕ್ಕಪೇಟೆಯಲ್ಲಿ ರೇಷ್ಮೆ ದಾರದ ಬಣ್ಣ ಹೊಂದಿಸುತ್ತಿರುವವರು, ಮಲ್ಲೇಶ್ವರದ 8ನೇ ಅಡ್ಡರಸ್ತೆಯಲ್ಲಿ ಲೇಸು ಅಳೆಸುತ್ತಿರುವವರು ಇದೇ ಜಾತಿಯವರು. ಮಾತಿಗೆ ಎಳೆಯುವುದು ಕಷ್ಟವಲ್ಲ, "ಇದು ಯಾವುದಕ್ಕೆ?" ಎಂದು ಕೇಳಿದರೆ ಸಾಕು. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋದರೆ ಕೈಕೆಲಸದಲ್ಲಿ ಆಸಕ್ತಿಯುಳ್ಳ ಅರ್ಧ ನಗರವೇ ಅಲ್ಲಿರುತ್ತದೆ.

ಎಲ್ಲರೂ ಒಂದೇ ಕೆಲಸದವರಾಗಿರಬೇಕೆ, ಬೇರೆ ಬೇರೆಯವರೆ? ನನ್ನ ಮತ ಬೇರೆ ಬೇರೆಯವರ ಕಡೆಗೆ. ಕ್ರೋಶಾ ಹಾಕುವವರಿಗೆ ಇನ್ನೊಂದು ಕ್ರೋಶಾ ಚೀಲ ಬಂದರೆ ಅವರು ಮೊದಲು ಮಾಡುವುದು ಹೊಲಿಗೆ ಎಣಿಸುವುದು. ಅದೇ ಕೈಗೆ ಒಂದು ಮಣ್ಣಿನ ಪದಕ ಬಂದರೆ ಹಿಗ್ಗುತ್ತಾರೆ.

ಬೆಲೆಯಲ್ಲ, ಹೊತ್ತು

ಹೊಸಬರು ಸಾಮಾನ್ಯವಾಗಿ "ಸುಮಾರು ಐನೂರು ರೂಪಾಯಿಯ ವಸ್ತು" ಎಂದು ನಿಯಮ ಬರೆಯುತ್ತಾರೆ. ಇದರಷ್ಟು ಕೆಟ್ಟ ಅಳತೆ ಬೇರೊಂದಿಲ್ಲ. ಹಳೆಯ ಪತ್ರಿಕೆ ಸುತ್ತಿ ಮಾಡಿದ ಬುಟ್ಟಿಗೆ ಪೇಟೆಯಲ್ಲಿ ಯಾರೂ ಐನೂರು ಕೊಡುವುದಿಲ್ಲ, ಆದರೆ ಅದಕ್ಕೆ ಮೂರು ಸಂಜೆ ಹಿಡಿದಿರುತ್ತದೆ. ರೆಸಿನ್ ಕೀಚೈನಿಗೆ ಪೇಟೆಯ ಬೆಲೆ ಚೆನ್ನಾಗಿದೆ, ಅಚ್ಚಿಗೆ ಸುರಿಯುವುದು ಮಾತ್ರ ಕೆಲವೇ ನಿಮಿಷ. ಬೆಲೆ ಹಿಡಿದರೆ ಬುಟ್ಟಿಯವರಿಗೆ ಮೋಸ, ಮೇಲಾಗಿ ಎಲ್ಲರ ತಲೆಯಲ್ಲೂ ಮಾರುಕಟ್ಟೆ ಹೊಕ್ಕುತ್ತದೆ.

ಹೊತ್ತನ್ನು ಹಿಡಿಯಿರಿ. "ನಾಲ್ಕರಿಂದ ಆರು ಗಂಟೆಗಳ ಕೈಕೆಲಸ" ಎಂದು ಬರೆದರೆ ಸೀರೆಗೆ ಕುಚ್ಚು ಕಟ್ಟುವವರಿಗೂ, ಪುಸ್ತಕ ಹೊಲಿಯುವವರಿಗೂ, ದಾರಕ್ಕೆ ಗಂಟು ಹಾಕುತ್ತ ಮ್ಯಾಕ್ರಮೆ ಮಾಡುವವರಿಗೂ ಅದು ಒಂದೇ. ಇಲ್ಲಿ ಎರಡು ವಿವರ ಬಿಡಿಸಿ ಹೇಳಬೇಕಾಗುತ್ತದೆ. ಒಂದು, ಕೈ ಆಡಿದ ಹೊತ್ತು ಮಾತ್ರ ಲೆಕ್ಕ. ಮಣ್ಣು ಒಣಗುವ ದಿನಗಳು, ರೆಸಿನ್ ಗಟ್ಟಿಯಾಗುವ ರಾತ್ರಿ, ಬಣ್ಣ ಆರುವ ಮಧ್ಯಾಹ್ನ ಎಣಿಕೆಗಿಲ್ಲ. ಎರಡು, ನಿಮ್ಮ ನಿಮ್ಮ ವೇಗದ ಗಂಟೆಗಳು. ಹತ್ತು ವರ್ಷ ಪಳಗಿದ ಕೈ ಐದು ಗಂಟೆಯಲ್ಲಿ ಇಡೀ ಶಾಲಿನ ಅಂಚು ಮುಗಿಸಬಹುದು. ಕಲಿಯುತ್ತಿರುವವರು ಅಷ್ಟೇ ಹೊತ್ತಿನಲ್ಲಿ ಒಂದು ಬುಕ್‌ಮಾರ್ಕ್ ಮುಗಿಸಬಹುದು. ಎರಡೂ ಸಮ ಎಂದು ಗುಂಪು ಒಪ್ಪಿಕೊಂಡಿದ್ದರೆ ಮಾತ್ರ ಕಲಿಯುವವರು ಒಳಗೆ ಬರುತ್ತಾರೆ. ಒಪ್ಪದಿದ್ದರೆ ಅದು ಪಳಗಿದವರ ಗುಂಪು ಎಂದು ಮೊದಲೇ ಹೇಳಿಬಿಡುವುದು ಮರ್ಯಾದೆ.

ಕುಚ್ಚಿನ ಉದಾಹರಣೆ ನೋಡಿ. ಸೆರಗಿನ ಎಳೆಗಳನ್ನು ಬಿಡಿಸಿ, ಹಿಡಿ ಹಿಡಿಯಾಗಿ ಸೇರಿಸಿ ಕಟ್ಟುವ ಸಾದಾ ಕುಚ್ಚು ಅಭ್ಯಾಸವಿದ್ದವರಿಗೆ ಒಂದು ಸಲ ಕೂತರೆ ಮುಗಿಯುತ್ತದೆ. ಮಣಿ ಪೋಣಿಸಿದ ಕ್ರೋಶಾ ಕುಚ್ಚಿನಲ್ಲಿ ಮೊದಲು ಸೆರಗಿನುದ್ದಕ್ಕೂ ಕಮಾನುಗಳನ್ನು ಹಾಕಿಕೊಂಡು ಹೋಗಬೇಕು, ಮೇಲೆ ಇನ್ನೊಂದು ಸಾಲು ಕೂರಿಸಬೇಕು, ಕೊನೆಗೆ ರೇಷ್ಮೆ ದಾರದ ಗೊಂಡೆ ಕಟ್ಟಬೇಕು. ಹಲವು ಸಂಜೆಗಳ ಕೆಲಸ. "ಒಂದು ಸೀರೆಗೆ ಕುಚ್ಚು" ಎಂದಷ್ಟೇ ಬರೆದರೆ ಒಬ್ಬರು ಮೊದಲನೆಯದನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ, ಇನ್ನೊಬ್ಬರು ಎರಡನೆಯದನ್ನು. ಗಂಟೆ ಬರೆದಿದ್ದರೆ ಈ ಎಡವಟ್ಟು ಇಲ್ಲ.

ಸಾಮಗ್ರಿಯ ಖರ್ಚಿಗೆ ಬೇರೆ ಮಿತಿ ಹಾಕಿ, 200 ರೂಪಾಯಿ ಎಂದಿಟ್ಟುಕೊಳ್ಳಿ. ಇದು ಬಡವ-ಬಲ್ಲಿದರ ಪ್ರಶ್ನೆ ಮಾತ್ರವಲ್ಲ. ಒಬ್ಬರು ಬೆಳ್ಳಿ ತಂತಿ ಬಳಸಿದರೆ ಅದನ್ನು ಪಡೆದವರು ಮುಂದಿನ ಸುತ್ತಿಡೀ ಋಣದ ಭಾರದಲ್ಲಿ ಒದ್ದಾಡುತ್ತಾರೆ.

ಯಾವುದು ಕೈಕೆಲಸ, ಯಾವುದು ಅಲ್ಲ

ಈ ಚರ್ಚೆ ಬಂದೇ ಬರುತ್ತದೆ, ಬೇಗ ಮುಗಿಸಿ. ಚನ್ನಪಟ್ಟಣದ ಅರಗಿನ ಮಣಿಗಳನ್ನು ಕೊಂಡು ಸರ ಪೋಣಿಸಿದರೆ ಅದು ನಿಮ್ಮ ಕೆಲಸವೆ? ಪೋಣಿಸಿದ್ದು ನಿಮ್ಮದು, ಮಣಿ ಕಡೆದದ್ದು ಅಲ್ಲಿನ ಕುಶಲಕರ್ಮಿ. ನಾನಾದರೆ ಒಪ್ಪುತ್ತೇನೆ, ಜೊತೆಯ ಚೀಟಿಯಲ್ಲಿ ಹಾಗೆಂದು ಬರೆಯಲು ಹೇಳುತ್ತೇನೆ. ಹೊಲಿಗೆ ಯಂತ್ರದ ಕೆಲಸಕ್ಕೂ ಅಡ್ಡಿಯಿಲ್ಲ. ಅಂಗಡಿಯ ಕಿಟ್ ತೆರೆದು ಸಂಖ್ಯೆಯ ಪ್ರಕಾರ ಬಣ್ಣ ತುಂಬಿದ ಚಿತ್ರ ಬೇಡ. ತಿನ್ನುವ ಪದಾರ್ಥ ಮೊದಲ ಸುತ್ತಿಗೆ ಬೇಡವೇ ಬೇಡ, ಕೆಡುವ ದಿನ ಮತ್ತು ಪಥ್ಯದ ಗೊಂದಲ ಅದರದ್ದೇ ಬೇರೆ.

ಇನ್ನೊಂದು. ಯಾರೋ ವಿನ್ಯಾಸಕರಿಂದ ದುಡ್ಡು ಕೊಟ್ಟು ಪಡೆದ ನಮೂನೆಯಿಂದ ಮಾಡಿದ ವಸ್ತುವನ್ನು ಕೊಡುವುದು ಬೇರೆ, ಆ ನಮೂನೆಯ ಕಡತವನ್ನೇ ಗುಂಪಿಗೆ ಹಾಕುವುದು ಬೇರೆ. ಎರಡನೆಯದು ಕಳ್ಳತನ. ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇದನ್ನು ಉಪಕಾರವೆಂದು ತಿಳಿದಿರುವವರು ಬಹಳ.

ಯಾರು ಯಾರಿಗೆ

ಮೂರು ಬಗೆಗಳಿವೆ.

ಜೋಡಿ ಮಾಡಿ ಪರಸ್ಪರ ಕೊಡಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಬಗೆ. ನನಗೆ ಇದು ಹಿಡಿಸದು. ಇಬ್ಬರಲ್ಲಿ ಒಬ್ಬರು ಕೈಬಿಟ್ಟರೆ ಇನ್ನೊಬ್ಬರಿಗೆ ಏನೂ ಇಲ್ಲ. ಇಬ್ಬರೂ ಕೊಟ್ಟರೂ ಎರಡು ವಸ್ತುಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗುವ ಮನಸ್ಸಾಗುತ್ತದೆ.

ಬಳೆಯ ಬಗೆ ಮೇಲು. ಎಲ್ಲರ ಹೆಸರನ್ನೂ ಚೀಟಿ ಬರೆದು, ಕಲಸಿ, ಒಂದೊಂದಾಗಿ ಎತ್ತಿ ಸುತ್ತಲೂ ಜೋಡಿಸಿ. ಮೊದಲನೆಯವರು ಎರಡನೆಯವರಿಗೆ, ಎರಡನೆಯವರು ಮೂರನೆಯವರಿಗೆ, ಕೊನೆಯವರು ಮೊದಲನೆಯವರಿಗೆ. ತನ್ನ ಹೆಸರೇ ತನಗೆ ಬರುವ ಪ್ರಶ್ನೆಯೇ ಇಲ್ಲ, ನೀವು ಕೊಡುವುದು ಒಬ್ಬರಿಗೆ, ಪಡೆಯುವುದು ಇನ್ನೊಬ್ಬರಿಂದ. ಕೆಲಸ ಶುರುವಾಗುವ ಮುಂಚೆ ಐದನೆಯವರು ಬಿಟ್ಟುಹೋದರೆ ನಾಲ್ಕನೆಯವರಿಗೆ "ನೀವು ಆರನೆಯವರಿಗೆ ಮಾಡಿ" ಎಂದರೆ ಆಯಿತು, ಉಳಿದ ಯಾರಿಗೂ ಸುದ್ದಿ ಮುಟ್ಟಬೇಕಿಲ್ಲ. ಈ ಕ್ರಮದ ಪಟ್ಟಿ ನಡೆಸುವವರ ಬಳಿ ಮಾತ್ರ ಇರಬೇಕು.

ಮೇಜಿನ ಬಗೆ ಎಲ್ಲರೂ ಒಂದೆಡೆ ಸೇರುವವರಿಗೆ. ಪ್ರತಿಯೊಬ್ಬರೂ ಎರಡು ವಸ್ತು ತಂದು ಮೇಜಿನ ಮೇಲಿಡುತ್ತಾರೆ, ಹೆಸರು ಬರೆಯುವುದಿಲ್ಲ. ಚೀಟಿ ಎತ್ತಿ ಸರದಿ ನಿಗದಿ ಮಾಡಿ. ಮೊದಲ ಸುತ್ತು ಒಂದರಿಂದ ಎಂಟರವರೆಗೆ, ಎರಡನೆಯ ಸುತ್ತು ಎಂಟರಿಂದ ಒಂದಕ್ಕೆ. ಹೀಗೆ ತಿರುಗಿಸಿದರೆ ಕೊನೆಯ ಚೀಟಿ ಬಂದವರಿಗೆ ಎರಡು ವಸ್ತು ಒಟ್ಟಿಗೇ ಆರಿಸುವ ಲಾಭ ಸಿಗುತ್ತದೆ, ಮುಖ ಸಣ್ಣದಾಗುವುದಿಲ್ಲ. ತನ್ನದನ್ನೇ ತಾನು ಎತ್ತುವ ಹಾಗಿಲ್ಲ ಎಂಬ ನಿಯಮ ಹೇಳಲು ಮರೆಯಬೇಡಿ.

ಇಷ್ಟೆಲ್ಲಕ್ಕೆ ಧೈರ್ಯ ಸಾಲದವರು ಪುಟ್ಟ ಕಾರ್ಡುಗಳಿಂದ ಆರಂಭಿಸಬಹುದು. 1997ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕಲಾವಿದ ವಾಂಚಿ ಸ್ಟಿರ್ನೆಮಾನ್ ಶುರುಮಾಡಿದ ಪದ್ಧತಿಯಿದು. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ರಟ್ಟಿನ ಮೇಲೆ ಏನು ಬೇಕಾದರೂ ಮಾಡಿ, ಅಳತೆ ಮಾತ್ರ ಮೀರಬಾರದು. ಆ ಕಾರ್ಡುಗಳನ್ನು ಮಾರುವಂತಿಲ್ಲ, ಕೊಟ್ಟು ಪಡೆಯಬೇಕು. ಅಷ್ಟು ಜಾಗದಲ್ಲಿ ರಂಗೋಲಿಯ ಒಂದು ಎಳೆ, ಒಂದು ಕಸೂತಿ ಗೋಪುರ, ಬಟ್ಟೆ ಚೂರುಗಳ ಪುಟ್ಟ ಕೌದಿ ಎಲ್ಲವೂ ಹಿಡಿಯುತ್ತವೆ. ಮಾಮೂಲು ಲಕೋಟೆಯಲ್ಲಿ ಹೋಗುತ್ತದೆ ಎನ್ನುವುದು ಇನ್ನೊಂದು ಅನುಕೂಲ.

ಚೀಟಿಯಲ್ಲಿ ಏನು ಕೇಳಬೇಕು

ನಿಮಗೆ ಏನಿಷ್ಟ ಎಂದು ಕೇಳಿದರೆ ಬಹುಮಂದಿ "ಏನಾದರೂ ಪರವಾಗಿಲ್ಲ" ಎಂದು ಬರೆಯುತ್ತಾರೆ. ಸೌಜನ್ಯದ ಮಾತು, ಉಪಯೋಗಕ್ಕೆ ಬಾರದ ಮಾತು. ಏನು ಬೇಡ ಎಂದು ಕೇಳಿ. "ಗುಲಾಬಿ ಬಣ್ಣ ಬೇಡ", "ಗೋಡೆಗೆ ನೇತುಹಾಕುವುದು ಬೇಡ, ಬಾಡಿಗೆ ಮನೆ, ಮೊಳೆ ಹೊಡೆಯುವಂತಿಲ್ಲ" ಎಂಬ ಉತ್ತರಗಳು ಆಗ ಬರುತ್ತವೆ.

ಇದಲ್ಲದೆ ನೇರವಾಗಿ ಕೇಳಬೇಕಾದವು ಕೆಲವಿವೆ. ಕಿವಿ ಚುಚ್ಚಿಸಿದೆಯೆ, ನಿಕ್ಕಲ್ ಲೋಹಕ್ಕೆ ಕಿವಿ ಕೆಂಪಾಗುತ್ತದೆಯೆ, ಉಣ್ಣೆ ತಾಗಿದರೆ ತುರಿಕೆಯಿದೆಯೆ, ಮನೆಯಲ್ಲಿ ಮಣಿ ನುಂಗುವ ವಯಸ್ಸಿನ ಮಗುವಿದೆಯೆ, ದಾರ ಕಂಡರೆ ಬಿಡದ ಬೆಕ್ಕಿದೆಯೆ. ದೇವರ ಮನೆಯ ವಸ್ತು ಕೊಟ್ಟರೆ ಸಂತೋಷವೆ ಎಂಬುದನ್ನೂ ಸೇರಿಸಿ. ಚೆಂದದ ಗೆಜ್ಜೆವಸ್ತ್ರ ಪೂಜೆಯಿಲ್ಲದ ಮನೆಗೆ ಹೋದರೆ ಅವರು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕಕ್ಕಾಬಿಕ್ಕಿಯಾಗುತ್ತಾರೆ.

ಎಲ್ಲ ಮಾತಾದ ಮೇಲೆ ನಿಯಮಗಳನ್ನು ಒಂದೇ ಸಂದೇಶದಲ್ಲಿ ಬರೆದು ಗುಂಪಿನ ಮೇಲ್ಗಡೆ ಅಂಟಿಸಿ. ಉದ್ದ ಬೇಡ. ಹೀಗಿದ್ದರೆ ಸಾಕು:

"ವಸ್ತು: ದಸರೆ ಗೊಂಬೆ ಕೂರಿಸಲು ಬರುವಂಥದ್ದು, ಯಾವುದಾದರೂ ಒಂದು. ಕೈಕೆಲಸ 4ರಿಂದ 6 ಗಂಟೆ. ಸಾಮಗ್ರಿ 200 ರೂಪಾಯಿಯೊಳಗೆ. ಎತ್ತರ ಒಂದು ಗೇಣು ಮೀರದಿರಲಿ. ಅರ್ಧ ಕೆಲಸದ ಫೋಟೊ ನನಗೊಬ್ಬಳಿಗೆ ಜುಲೈ ಕೊನೆಗೆ. ವಸ್ತು ಕೈಸೇರಬೇಕಾದದ್ದು ಆಗಸ್ಟ್ ಕೊನೆಯ ಭಾನುವಾರ. ಆಗದಿದ್ದರೆ ಜುಲೈ ಕೊನೆಯೊಳಗೆ ಹೇಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ."

ಅರ್ಧ ಕೆಲಸದ ಫೋಟೊ ಎಂಬ ಸಾಲನ್ನು ಬಿಡಬೇಡಿ. ಯಾರು ಶುರುವೇ ಮಾಡಿಲ್ಲ ಎಂಬುದು ನಡೆಸುವವರಿಗೆ ಆಗಲೇ ಗೊತ್ತಾಗುತ್ತದೆ, ಸರಿಪಡಿಸಲು ಸಮಯವೂ ಇರುತ್ತದೆ.

ದಿನ ಗೊತ್ತುಮಾಡುವಾಗ

ಐದಾರು ವಾರ ಸರಿಯಾದ ಅವಧಿ. ಹತ್ತು ದಿನ ಕೊಟ್ಟರೆ ಕೆಲಸಕ್ಕೆ ಹೋಗುವವರಿಗೆ ಆಗುವುದಿಲ್ಲ, ಮೂರು ತಿಂಗಳು ಕೊಟ್ಟರೆ ಎಲ್ಲರೂ ಕೊನೆಯ ವಾರ ಕೂರುತ್ತಾರೆ. ವರಮಹಾಲಕ್ಷ್ಮಿ ಹಬ್ಬದಿಂದ ಗೌರಿ-ಗಣೇಶದವರೆಗೆ ಯಾವ ಗಡುವನ್ನೂ ಇಡದಿರುವುದು ಒಳ್ಳೆಯದು. ಕುಚ್ಚು ಕಟ್ಟುವವರಿಗೆ ಅದು ಉಸಿರಾಡಲೂ ಬಿಡುವಿಲ್ಲದ ಕಾಲ. ಮೇಲಿನ ಮಾದರಿ ಹೊಂದುವುದು ಗಣೇಶ ಹಬ್ಬ ಬೇಗ ಬಂದುಹೋಗುವ ವರ್ಷಕ್ಕೆ, ಸೆಪ್ಟೆಂಬರಿನಲ್ಲಿ ಬರುವ ವರ್ಷ ಗಡುವನ್ನು ಜುಲೈಗೇ ಎಳೆದುಕೊಳ್ಳಿ.

ಹಬ್ಬದ ಹೆಸರಿನಲ್ಲೇ ಸುತ್ತು ನಡೆಸಿದರೆ ಹುಮ್ಮಸ್ಸು ಹೆಚ್ಚು. ದಸರೆಯ ಗೊಂಬೆ ಕೂರಿಸುವವರಿಗೆ ಪಟ್ಟದ ಗೊಂಬೆಯ ಹೊಸ ಸೀರೆ-ಪಂಚೆ, ಪುಟ್ಟ ಒಡವೆ, ಪಾರ್ಕಿಗೆ ಮರ-ಬೇಲಿ-ಬಾವಿ, ಮದುವೆ ಸೆಟ್ಟಿಗೆ ಚಪ್ಪರ ಎಷ್ಟಿದ್ದರೂ ಸಾಲದು. ಗೊಂಬೆ ಸೀರೆಗೆ ಜರಿಯಂಚಿನ ರವಿಕೆ ಕಣವೇ ಸಾಕು. ಸಂಕ್ರಾಂತಿಯ ಸುತ್ತಿಗೆ ಎಳ್ಳು ಹಂಚುವ ಪುಟ್ಟ ಡಬ್ಬಿ, ಬಟ್ಟೆಯ ಸಂಚಿ ಚೆನ್ನ.

ಮುಗಿಸುವ ಕೆಲಸ

ಉತ್ತರ ಕರ್ನಾಟಕದ ಕಸೂತಿ ಬಲ್ಲವರ ಕೈಗೆ ಒಂದು ಬಟ್ಟೆ ಕೊಟ್ಟು ನೋಡಿ, ಮೊದಲು ಮಗುಚುತ್ತಾರೆ. ಗವಂತಿ ಹೊಲಿಗೆಯಲ್ಲಿ ಮುಂದೆ ಹೋದ ದಾರ ಅದೇ ದಾರಿಯಲ್ಲಿ ಹಿಂತಿರುಗಿ ಖಾಲಿ ಬಿಟ್ಟ ಜಾಗಗಳನ್ನು ತುಂಬುವುದರಿಂದ ಎರಡೂ ಮುಖ ಒಂದೇ ಥರ ಕಾಣಬೇಕು, ಎಲ್ಲಿಯೂ ಗಂಟು ಬೀಳಬಾರದು. ಎಲ್ಲರಿಂದ ಆ ಮಟ್ಟ ನಿರೀಕ್ಷಿಸಲಾಗದು. ಆದರೂ ಕೊಡುವ ಮುಂಚೆ ನಿಮ್ಮ ವಸ್ತುವನ್ನು ಒಮ್ಮೆ ಮಗುಚಿ ನೋಡಿ. ಅದಲು-ಬದಲಿನಲ್ಲಿ ಮನಸ್ಸು ಮುರಿಯುವುದು ವಿನ್ಯಾಸದಿಂದಲ್ಲ, ಬಿಟ್ಟ ದಾರದ ತುದಿಗಳಿಂದ, ಅಂಟು ಸೋರಿದ ಗುರುತಿನಿಂದ, ಪೆನ್ಸಿಲ್ ಗೆರೆಯಿಂದ.

ಬಣ್ಣದ ದಾರವಿದ್ದರೆ ಬಿಳಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ಅದರ ಮೇಲೆ ಒತ್ತಿ ಉಜ್ಜಿ. ಕೆಂಪು ಮತ್ತು ಕಡುನೀಲಿ ಹೆಚ್ಚಾಗಿ ಬಣ್ಣ ಬಿಡುತ್ತವೆ. ಬಿಟ್ಟರೆ "ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ" ಎಂದು ಬರೆದು ಜೊತೆಗಿಡಿ. ಜುಮುಕಿಯ ಕೊಕ್ಕೆಯನ್ನು ಬೆರಳಿನಿಂದ ಎಳೆದು ನೋಡಿ, ಉಂಗುರ ಬಾಯಿಬಿಟ್ಟರೆ ಇಕ್ಕಳದಿಂದ ಒತ್ತಿ ಮುಚ್ಚಿ. ಚೀಲಕ್ಕೆ ಹಿಡಿ ಹೊಲಿದಿದ್ದರೆ ಎರಡು ಕಿಲೋ ಅಕ್ಕಿ ಹಾಕಿ ಒಂದು ರಾತ್ರಿ ನೇತುಹಾಕಿ. ಕ್ರೋಶಾ ಹಿಡಿ ಎಷ್ಟು ಜೋತುಬೀಳುತ್ತದೆ ಎಂಬುದು ಬೆಳಗ್ಗೆ ಗೊತ್ತಾಗುತ್ತದೆ. ಬೆಂಗಳೂರಿನ ಹವೆಗೆ, ಬಳಸುವ ವಸ್ತುವಾದರೆ, ಅಕ್ರಿಲಿಕ್ ನೂಲಿಗಿಂತ ಹತ್ತಿ ನೂಲು ಒಳ್ಳೆಯದು.

ಜೊತೆಗೆ ಒಂದು ಪುಟ್ಟ ಚೀಟಿ ಇರಲಿ: ಏನು, ಯಾವುದರಿಂದ ಮಾಡಿದ್ದು, ಹೇಗೆ ತೊಳೆಯಬೇಕು, ಮಾಡಿದವರ ಹೆಸರು. ಟೆರಾಕೋಟಾ ನೀರು ಹೀರುತ್ತದೆ ಎಂಬುದು ಮಾಡುವವರಿಗೆ ಗೊತ್ತು, ಹಾಕಿಕೊಳ್ಳುವವರಿಗೆ ಗೊತ್ತಿರಬೇಕೆಂದಿಲ್ಲ. ಮಾಡುವಾಗ ಎಷ್ಟು ಕಷ್ಟಪಟ್ಟಿರಿ ಎಂದು ಚೀಟಿಯಲ್ಲಿ ಬರೆಯಬೇಡಿ. "ಚೆನ್ನಾಗಿ ಬಂದಿಲ್ಲ, ಕ್ಷಮಿಸಿ" ಎಂದಂತೂ ಬರೆಯಲೇಬೇಡಿ. ಪಡೆದವರು ಅಲ್ಲಿಯವರೆಗೆ ಕಾಣದ ತಪ್ಪನ್ನು ಹುಡುಕತೊಡಗುತ್ತಾರೆ.

ಕೈಯಿಂದ ಕೈಗೆ, ಇಲ್ಲವೆ ಅಂಚೆಗೆ

ಸಾಧ್ಯವಾದರೆ ಸೇರಿ. ಜಾಗ ಮೆಟ್ರೊಗೆ ಹತ್ತಿರವಿರಲಿ. ವೈಟ್‌ಫೀಲ್ಡಿನವರೂ ಕೆಂಗೇರಿಯವರೂ ನೇರಳೆ ಮಾರ್ಗದಲ್ಲೇ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಬಂದಿಳಿಯಬಹುದು, ಹಸಿರು ಮಾರ್ಗದವರು ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು. 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದ್ದರಿಂದ ಬಸ್ ನಿಲ್ದಾಣ ಹತ್ತಿರವಿದ್ದರೂ ಆಯಿತು. ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎರಡೂ ತೋಟಗಾರಿಕೆ ಇಲಾಖೆಯ ಸುಪರ್ದಿಯಲ್ಲಿವೆ. ಏಳೆಂಟು ಜನ ಹುಲ್ಲಿನ ಮೇಲೆ ಜಮಖಾನೆ ಹಾಸಿ ಕೂರುವುದು ಒಂದು ಬಗೆ, ಮೇಜು, ಬ್ಯಾನರು, ಮೈಕು ತರುವುದು ಇನ್ನೊಂದು. ಎರಡನೆಯದಾದರೆ ಮುಂಚೆಯೇ ಅನುಮತಿ ಕೇಳಿ. ದುಡ್ಡಿನ ವ್ಯವಹಾರವಂತೂ ಅಲ್ಲಿ ಬೇಡ. ಮಳೆಗಾಲದಲ್ಲಿ, ಅದರಲ್ಲೂ ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಬೆಳಗಿನ ಹೊತ್ತೇ ಸೇರಬೇಕು. ಸಂಜೆಯ ಮಳೆ ಕ್ವಿಲ್ಲಿಂಗಿನ ಕಾಗದಕ್ಕೆ ಕರುಣೆ ತೋರುವುದಿಲ್ಲ. ಯಾರದ್ದಾದರೂ ಅಪಾರ್ಟ್‌ಮೆಂಟಿನ ಸಭಾಂಗಣ ಸಿಕ್ಕರೆ ಅದೇ ಉತ್ತಮ. ದೊಡ್ಡ ಕತ್ತರಿಯನ್ನು ಮೆಟ್ರೊ ತಪಾಸಣೆಯಲ್ಲಿ ತಡೆಯಬಹುದು, ಚೀಲದಿಂದ ತೆಗೆದಿಟ್ಟು ಹೊರಡಿ.

ಬರಲಾಗದವರಿಗೆ ಅಂಚೆ. ಮನೆಯ ವಿಳಾಸ ಕೊಡಲು ಹಿಂಜರಿಯುವವರಿರುತ್ತಾರೆ, ಒತ್ತಾಯ ಬೇಡ. ಕಚೇರಿಯ ವಿಳಾಸವೋ ನಡೆಸುವವರ ವಿಳಾಸವೋ ಆಗುತ್ತದೆ. ಬೆಂಗಳೂರಿನ ವಿಳಾಸದಲ್ಲಿ ಮುಖ್ಯರಸ್ತೆ, ಅಡ್ಡರಸ್ತೆಗಳ ಸಂಖ್ಯೆ ಮಾತ್ರ ಬರೆದರೆ ಸಾಲದು. 4ನೇ ಮುಖ್ಯರಸ್ತೆ, 3ನೇ ಅಡ್ಡರಸ್ತೆ ಎಷ್ಟು ಬಡಾವಣೆಗಳಲ್ಲಿವೆಯೋ! ಹಂತ, ಬ್ಲಾಕ್, ಹತ್ತಿರದ ಗುರುತು, ಆರಂಕಿಯ ಪಿನ್ ಕೋಡ್, ಫೋನ್ ಸಂಖ್ಯೆ ಎಲ್ಲವೂ ಇರಬೇಕು. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ವಿಲೀನಗೊಳಿಸಿದೆ. ಆದ್ದರಿಂದ ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಎಂದೇ ಕೇಳಿ, ರಸೀದಿಯ ಮೇಲಿನ ಸಂಖ್ಯೆಯ ಫೋಟೊ ತೆಗೆದು ಗುಂಪು ನಡೆಸುವವರಿಗೆ ಕಳುಹಿಸಿ.

ಖಾಸಗಿ ಕೊರಿಯರಿಗೆ ಕೊಡುವಾಗ ಗಾತ್ರದ ಲೆಕ್ಕ ತಿಳಿದಿರಲಿ. ಬಹುತೇಕ ಕಡೆ ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದದ್ದು ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದುಡ್ಡು. 30, 25, 20 ಸೆಂಟಿಮೀಟರಿನ ಪೆಟ್ಟಿಗೆಗೆ ಮೂರು ಕಿಲೋ ಲೆಕ್ಕ ಬೀಳುತ್ತದೆ, ಒಳಗಿರುವ ಮ್ಯಾಕ್ರಮೆ ಲ್ಯಾಂಪ್‌ಶೇಡ್ ಅರ್ಧ ಕಿಲೋ ಇಲ್ಲದಿದ್ದರೂ. ಮಡಚಲು ಬರುವಂಥದ್ದನ್ನು ಮಡಚಿ ಕಳುಹಿಸಿ. ವಾರ್ನಿಶ್, ಸ್ಪಿರಿಟ್‌ನಂಥ ಉರಿಯುವ ದ್ರವಗಳನ್ನು ಅಂಚೆಗೆ ಹಾಕುವಂತಿಲ್ಲ, ಸಾಮಗ್ರಿಯನ್ನೂ ಉಡುಗೊರೆ ಕೊಡಬೇಕೆಂಬ ಉತ್ಸಾಹದಲ್ಲಿ ಇದನ್ನು ಮರೆಯುವವರುಂಟು.

ಮಣ್ಣಿನ ಜುಮುಕಿಯನ್ನು ಕಟ್ಟುವ ರೀತಿ ಹೇಳುತ್ತೇನೆ, ಉಳಿದ ನಾಜೂಕು ವಸ್ತುಗಳಿಗೂ ಅದೇ ನಡೆಯುತ್ತದೆ. ದಪ್ಪ ರಟ್ಟಿನ ತುಂಡಿಗೆ ಎರಡು ತೂತು ಮಾಡಿ ಕೊಕ್ಕೆಗಳನ್ನು ಸಿಕ್ಕಿಸಿ, ಹಿಂಬದಿಗೆ ಟೇಪು ಹಚ್ಚಿ. ಜುಮುಕಿಯ ಟೊಳ್ಳಿನೊಳಗೆ ಹತ್ತಿಯುಂಡೆ ತುಂಬಿ, ಒಡೆಯುವುದು ಅಲ್ಲಿಂದಲೇ. ಎರಡರ ನಡುವೆ ಮಡಚಿದ ಟಿಶ್ಯೂ ಇಟ್ಟು ಒಂದಕ್ಕೊಂದು ತಾಗದಂತೆ ಸುತ್ತಿ, ಪುಟ್ಟ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಇನ್ನೊಂದು ಪೆಟ್ಟಿಗೆಯಲ್ಲಿಟ್ಟು ಸುತ್ತಲೂ ಕಾಗದದ ಚೂರು ತುರುಕಿ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿ. ಸದ್ದು ಬಂದರೆ ಇನ್ನಷ್ಟು ತುಂಬಬೇಕು. ಹಳೆಯ ಪತ್ರಿಕೆಯ ಶಾಯಿ ಬಿಳಿ ನೂಲಿಗೆ ಹತ್ತುತ್ತದೆ, ಆದ್ದರಿಂದ ಬಟ್ಟೆ, ನೂಲಿನ ವಸ್ತುವನ್ನು ಮೊದಲು ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿ, ಮಳೆಯಿಂದಲೂ ರಕ್ಷಣೆ. ಗೆಜ್ಜೆವಸ್ತ್ರಕ್ಕೆ ಮಾತ್ರ ಒತ್ತುವ ಲಕೋಟೆ ಆಗದು. ಹತ್ತಿ ಒಮ್ಮೆ ಚಪ್ಪಟೆಯಾದರೆ ಆ ಉಬ್ಬು ಮತ್ತೆ ಏಳುವುದಿಲ್ಲ, ಸಿಹಿಯಂಗಡಿಯ ಡಬ್ಬಿಯಂಥ ಗಟ್ಟಿ ಡಬ್ಬಿಯಲ್ಲಿ ಸುರುಳಿ ಮಾಡಿ ಇಡಿ.

ಬಂದದ್ದು, ಬಾರದ್ದು

ತಲುಪಿದ ದಿನವೇ ಫೋಟೊ ಹಾಕಿ, ಎರಡು ಸಾಲು ಬರೆಯಿರಿ. "ಸೂಪರ್" ಎಂದಷ್ಟೇ ಬರೆಯುವ ಬದಲು ಯಾವುದು ಹಿಡಿಸಿತು ಎಂದು ಹೇಳಿ: ಅಂಚಿನ ಹಳದಿ, ಗುಂಡಿಯ ಜಾಗ, ಒಳಗಿನ ಜೇಬು. ಇಷ್ಟವಾಗದಿದ್ದರೂ ನೋಡಿದರೆ ಹೊಗಳಲು ಒಂದಾದರೂ ಸಿಗುತ್ತದೆ. ಬಂದ ವಸ್ತುವನ್ನು ಮುಂದೆ ಬೇರೆಯವರಿಗೆ ಕೊಡಬಹುದೆ? ಕೊಡಬಹುದು, ಅದೇ ಗುಂಪಿನೊಳಗೆ ಬೇಡ. ಮಾರುವುದು ಮಾತ್ರ ಸಲ್ಲದು.

ಗಡುವು ಕಳೆದು ಒಂದು ವಾರವಾದರೂ ಒಬ್ಬರದು ಬಂದಿಲ್ಲ ಎನ್ನಿ. ಗುಂಪಿನಲ್ಲಿ ಹೆಸರು ಹಿಡಿದು ಕೇಳಬೇಡಿ. ನಡೆಸುವವರು ಬೇರೆಯಾಗಿ ಬರೆಯಬೇಕು. "ನಮಸ್ಕಾರ ಅಕ್ಕಾ, ನಿಮ್ಮ ಪಾಲಿನದು ಇನ್ನೂ ತಲುಪಿಲ್ಲವಂತೆ. ಕೆಲಸ ನಡುವೆ ನಿಂತಿದ್ದರೆ ಹದಿನೈದು ದಿನ ಮುಂದೆ ಹಾಕೋಣ. ಆಗುವುದೇ ಇಲ್ಲವೆಂದರೂ ತಿಳಿಸಿ, ನಾನು ಬೇರೆ ವ್ಯವಸ್ಥೆ ಮಾಡುತ್ತೇನೆ." ಮನೆಯಲ್ಲಿ ಆಸ್ಪತ್ರೆ ಓಡಾಟವಿರಬಹುದು, ಮಗುವಿನ ಪರೀಕ್ಷೆಯಿರಬಹುದು. ಕಾರಣ ಕೆದಕುವ ಅಗತ್ಯವಿಲ್ಲ. ಮೊದಲ ಸಂದೇಶಕ್ಕೂ ಎರಡನೆಯದಕ್ಕೂ ಉತ್ತರ ಬಾರದಿದ್ದರೆ ಮುಂದಿನ ಸುತ್ತಿಗೆ ಕರೆಯಬೇಡಿ, ಅಷ್ಟೇ ಶಿಕ್ಷೆ. ಕೈ ಖಾಲಿ ಉಳಿದವರಿಗೆ ಕೊಡಲು ಒಂದು ವಸ್ತುವನ್ನು ಶುರುವಿನಲ್ಲೇ ಹೆಚ್ಚುವರಿಯಾಗಿ ಮಾಡಿಡುವವರು ಗುಂಪಿನಲ್ಲಿ ಒಬ್ಬರಾದರೂ ಬೇಕು. ಬಹುಪಾಲು ನಡೆಸುವವರೇ ಆ ಕೆಲಸ ಹೊರುತ್ತಾರೆ. ದಾರಿಯಲ್ಲಿ ಒಡೆದರೆ ಅದು ಕೊಟ್ಟವರ ತಪ್ಪಲ್ಲ, ಇನ್ನೊಂದು ಮಾಡಿಕೊಡಿ ಎನ್ನುವಂತಿಲ್ಲ. ಒಡೆದ ಫೋಟೊವನ್ನು ಅವರಿಗೊಬ್ಬರಿಗೇ ಕಳುಹಿಸಿ, ಮುಂದಿನ ಬಾರಿ ಹೇಗೆ ಕಟ್ಟಬೇಕು ಎಂಬುದಕ್ಕೆ ಉಪಯೋಗವಾಗುತ್ತದೆ.

ಸುತ್ತು ಮುಗಿದ ದಿನ ಎಲ್ಲರೂ ಸೇರಿದ್ದರೆ ಉಳಿದ ಸಾಮಗ್ರಿಯನ್ನೂ ತರಲು ಹೇಳಿ: ಅರ್ಧ ಉಂಡೆ ನೂಲು, ಒಂಟಿ ಮಣಿಗಳು, ರವಿಕೆ ಹೊಲಿದು ಉಳಿದ ತುಂಡುಬಟ್ಟೆ, ಬಣ್ಣ ತಪ್ಪಿ ಬಂದ ದಾರ. ಇದಕ್ಕೆ ಲೆಕ್ಕವಿಲ್ಲ, ಬೇಕಾದವರು ಒಯ್ಯಬಹುದು. ಯಾರೂ ಒಯ್ಯದ ಬಟ್ಟೆ ಚೂರುಗಳನ್ನು ಕೌದಿ ಹೊಲಿಯುವವರು ಬೇಡವೆನ್ನುವುದಿಲ್ಲ.

ಮುಂದಿನ ಸುತ್ತನ್ನು ಬೇರೆಯವರು ನಡೆಸಲಿ. ಒಬ್ಬರೇ ನಡೆಸುತ್ತ ಹೋದರೆ ಅವರಿಗೆ ಸೂಜಿ ಹಿಡಿಯಲು ಬಿಡುವಾಗುವುದಿಲ್ಲ. ಹಸ್ತಾಂತರಿಸುವಾಗ ನಿಯಮದ ಸಂದೇಶ ಕೊಡಿ, ಯಾರಿಗೆ ಯಾರಿಂದ ಹೋಯಿತು ಎಂಬ ಪಟ್ಟಿ ಕೊಡಿ. ಅದೇ ಜೋಡಿ ಮತ್ತೆ ಬೀಳದಂತೆ ನೋಡಿಕೊಳ್ಳಲು ಅದು ಬೇಕು. ವಿಳಾಸ ಮತ್ತು ಫೋನ್ ಸಂಖ್ಯೆಗಳ ಪಟ್ಟಿಯನ್ನು ಮಾತ್ರ ಕೊಡಬಾರದು. ಅದನ್ನು ಅಳಿಸಿಬಿಡಿ, ಹೊಸದಾಗಿ ನಡೆಸುವವರು ಬಂದವರಿಂದಲೇ ಕೇಳಿ ಪಡೆಯಲಿ.